ಮುಂದಿನ ಬೆಂಚಿನಲ್ಲಿ ಕೂತ ಮಗಳು

ಅಸುನ್ಸಿಯೋನ್
೧೮ ಆಗಸ್ಟ್ ೧೯೯೪

ನನ್ನ ಅವ್ವನಿಗೆ,

ಇಲ್ಲಿಂದಲೇ ಕೈಮುಗಿದು ನಿಂತಿದ್ದೇನೆ, ಮೊದಲು ಆಶೀರ್ವಾದ ಮಾಡು.

ಪೆರ್ಲಾ ಅಮ್ಮಾವ್ರ ತಾಯಿ ತೀರಿಕೊಂಡರು. ಆ ಅಜ್ಜಿಗೆ ಉಣ್ಣಿಸಿ, ಮೈ ತೊಳೆದು ನೋಡಿಕೊಂಡವಳು ನಾನೇ. ಜೀವ ಹೋದದ್ದೂ ನನ್ನ ತೋಳಿನಲ್ಲೇ. ನನಗಿನ್ನೂ ಅಳು ನಿಂತಿಲ್ಲ ಅವ್ವ.

ಅಜ್ಜಿಯ ಆತ್ಮಕ್ಕಾಗಿ ಮನೆಯಲ್ಲೇ ಒಂಬತ್ತು ಸಂಜೆಯ ಜಪ ಶುರುವಾಯಿತು. ಮನೆಯ ಹೆಣ್ಣುಮಕ್ಕಳು ಕಪ್ಪು ಉಟ್ಟು ಮುಂದಿನ ಬೆಂಚಿನಲ್ಲಿ ಕೂರುತ್ತಾರಲ್ಲ, ನಾನೂ ಹೋಗಿ ಕೂತೆ. ಎಂಟು ವರ್ಷದವಳಾಗಿ ಈ ಮನೆಗೆ ಬಂದಾಗಿನಿಂದ ಅಮ್ಮಾವ್ರು ಎಲ್ಲರೆದುರು ಹೇಳುತ್ತಿದ್ದದ್ದು ಒಂದೇ ಮಾತು: "ಇವ್ಳು ಕೆಲಸದವಳಲ್ಲ ಕಣ್ರೀ, ನಾನು ಸಾಕಿರೋ ಮಗಳು." ಮಗಳಿಗೆ ಯಾರಾದರೂ ಸಂಬಳ ಕೊಡುತ್ತಾರೆಯೇ? ಪೆದ್ದಿ ನಾನು, ನಂಬಿಬಿಟ್ಟಿದ್ದೆ.

ಪಕ್ಕದ ಮನೆಯಾಕೆ ನನ್ನ ಕೈ ಹಿಡಿದು ಸಮಾಧಾನ ಹೇಳುತ್ತಿದ್ದರು. ಅಮ್ಮಾವ್ರು ಬಂದು ನನ್ನ ಕಿವಿಯ ಹತ್ತಿರ ಬಗ್ಗಿ, "ಏಳೇ, ಇಲ್ಲೇನ್ ಮಾಡ್ತಿದ್ದೀಯ? ಚೀಪಾ ರೊಟ್ಟಿ ಆರಿ ಹೋಗ್ತಿದೆ. ಬಂದೋರಿಗೆ ಯಾರು ಕೊಡ್ತಾರೆ, ನಾನಾ?" ಅಂದರು. ಪಕ್ಕದ ಮನೆಯಾಕೆ ತಟ್ಟನೆ ನನ್ನ ಕೈ ಬಿಟ್ಟರು. ನಾನು ಎದ್ದು ಕಪ್ಪು ಬಟ್ಟೆಯ ಮೇಲೆಯೇ ಏಪ್ರನ್ ಕಟ್ಟಿಕೊಂಡೆ. ಉಳಿದ ಸಂಜೆಗಳೆಲ್ಲ ಅಡುಗೆಮನೆಯಲ್ಲೇ ಕಳೆದವು.

ಅಮ್ಮಾವ್ರು ಕೆಟ್ಟವರಲ್ಲ. ನನಗೆ ಜ್ವರ ಬಂದಾಗ ಪಕ್ಕದಲ್ಲಿ ಕೂತು ಹಣೆ ಒತ್ತಿದ್ದಾರೆ. ಕಷ್ಟವಿರುವುದೇ ಅಲ್ಲಿ. ಹೊಡೆಯುವವರಾಗಿದ್ದರೆ ಎಂದೋ ಓಡಿ ಬರುತ್ತಿದ್ದೆ.

ನಾನು ದೆರ್ಲಿಸ್‌ನನ್ನು ಮದುವೆಯಾಗಿ ಊರಿಗೆ ಬರುತ್ತೇನೆಂದು ಗೊತ್ತಾದ ಮೇಲೆ, ಅವರು ನನ್ನ ಜಾಗಕ್ಕೆ ತಂಗಿ ನಿಮಿಯಾಳನ್ನು ಕೇಳಿ ಕಳಿಸಿದ್ದಾರಂತೆ. ಅವಳನ್ನೂ ಮಗಳ ಹಾಗೆಯೇ ಸಾಕುತ್ತಾರಂತೆ. ನೀನು ಹಿರಿಹಿರಿ ಹಿಗ್ಗಿ ಒಪ್ಪಿಕೊಂಡೆಯಂತೆ. ಬೇಡ ಅವ್ವ, ನಿನ್ನ ಕಾಲಿಗೆ ಬೀಳುತ್ತೇನೆ. ಇದ್ದದ್ದನ್ನೇ ಉಂಡುಕೊಂಡು ನಿನ್ನ ಮಗ್ಗುಲಲ್ಲೇ ಮಲಗಲಿ. ಶಾಲೆ ಬಿಡಿಸಬೇಡ.

ನನ್ನ ಮದುವೆಗೆ ಅವಸರವೇನಿಲ್ಲ. ಆಮೇಲೆ ನೋಡೋಣ.

ನಿನ್ನ ಮಗಳು,
ಬ್ರಿಹಿದಾ

ವಿ.ಸೂ.: ನಿಮಿ, ಅವ್ವನಿಗೆ ಓದು ಬಾರದು, ಇದನ್ನು ಓದಿ ಹೇಳುತ್ತಿರುವವಳು ನೀನೇ. ಇಲ್ಲಿಂದ ಮುಂದಕ್ಕೆ ಗಟ್ಟಿಯಾಗಿ ಓದಬೇಡ, ನನ್ನ ಬಂಗಾರಿ. ನಿನ್ನನ್ನು ಕರೆಸದಿದ್ದರೆ ನಾನೇ ಇಲ್ಲಿ ಉಳಿಯುತ್ತೇನೆಂದು ಅಮ್ಮಾವ್ರಿಗೆ ಮಾತು ಕೊಟ್ಟಿದ್ದೇನೆ. ದೆರ್ಲಿಸ್ ಬಂದು ಕೇಳಿದರೆ, ಅಕ್ಕ ಕಾಯಬೇಡ ಅಂದಳು ಅನ್ನು. ಬೇರೇನೂ ಹೇಳಬೇಡ.