ಬೈರಮ್ಮನ ಎಮ್ಮೆ ಅಡ್ಡ ಬರಲಿಲ್ಲ

ಬೆಳಗೊಳ,
18 ಆಗಸ್ಟ್ 2024, ಭಾನುವಾರ

ಪ್ರೀತಿಯ ತಂಗಿ ಸುನಿತಾ,

ಹೇಗಿದ್ದೀಯಮ್ಮಾ? ಶಾಲೆಯ ಬಿಸಿಯೂಟಕ್ಕೆ ಒಗ್ಗರಣೆ ಹಾಕೀ ಹಾಕೀ ಘಾಟಿಗೆ ಕೆಮ್ಮು ಹತ್ತಿದೆ ಅಂದಿದ್ದೆ, ಇಳಿಯಿತೇ? ನಾಗಮಂಗಲದ ಕಡೆ ಮಳೆ ಹೇಗೆ? ಭಾವ, ಮಗಳು ಧನುಶ್ರೀ ಚೆನ್ನಾಗಿದ್ದಾರೆ ತಾನೆ? ಇಲ್ಲಿ ಅಪ್ಪ ಗಟ್ಟಿಯಾಗಿದ್ದಾರೆ. ಎಪ್ಪತ್ತೆರಡಾದರೂ ಹುರುಳಿಕಾಳು ಕಟಕಟ ಅಗಿಯುತ್ತಾರೆ. ನಿನ್ನ ಅತ್ತಿಗೆ ಹೇಮಶ್ರೀ ಮಾತ್ರ ಒಂದು ವಾರದಿಂದ ನನ್ನೊಡನೆ ಸರಿಯಾಗಿ ಮಾತಾಡುತ್ತಿಲ್ಲ. ಅದರ ಕಾರಣ ಹೇಳುವುದಕ್ಕೇ ಈ ಕಾಗದ. ಫೋನಿನಲ್ಲಿ ಹೇಳೋಣವೆಂದು ಎರಡು ಸಲ ನಂಬರು ಒತ್ತಿದೆ, ನಾಲಿಗೆ ಏಳಲಿಲ್ಲ.

ಸೈಕಲ್ ಕೊಂಡೆ. ಸಕ್ಕರೆ ಕಾಯಿಲೆ ಬಂದ ಮೇಲೆ ಡಾಕ್ಟರು ಮೈ ಬೆವರಬೇಕು ಅಂದರು. ಪಾಂಡವಪುರದ ಆಫೀಸಿಗೆ ಸ್ಕೂಟರು ಬಿಟ್ಟು ಸೈಕಲ್ಲಿನಲ್ಲೇ ಹೋಗುವುದು, ಭಾನುವಾರ ನಾಲೆ ಏರಿಯ ಮೇಲೆ ಹಳ್ಳಿ ಸುತ್ತುವುದು, ಕಾಲು ಪಳಗಿದ ಮೇಲೆ ಒಂದು ದಿನ ನಿನ್ನ ಬಾಗಿಲಿಗೇ ಬಂದು ಬೆಲ್ಲು ಹೊಡೆಯುವುದು ಎಂದೆಲ್ಲ ಲೆಕ್ಕ ಹಾಕಿದ್ದೆ. ಮೈಸೂರಿನ ಅಂಗಡಿಯಲ್ಲಿ ಸಿದ್ದಾರ್ಥ ಎಂಬ ಹುಡುಗ ನನ್ನನ್ನು ಬರಿಗಾಲಲ್ಲಿ ಗೋಡೆಗೆ ನಿಲ್ಲಿಸಿ, "ಮೊದ್ಲು ಕಾಲಿನಳತೆ ಸಾರ್, ಆಮೇಲೆ ಸೈಕಲ್" ಅಂತ ಟೇಪು ಹಿಡಿದ. ನನ್ನ ಕೈಗೆಟುಕುವ ಬೆಲೆಯಲ್ಲಿ ಎರಡು ತೋರಿಸಿದ. ಒಂದಕ್ಕೆ ಸ್ವಲ್ಪ ದಪ್ಪ ಟೈರು, ಹಿಂದೆ ಕ್ಯಾರಿಯರ್ ಕೂರಿಸಲು ಜಾಗ, ಊಟದ ಡಬ್ಬಿ ಕಟ್ಟಬಹುದು. ಇನ್ನೊಂದು ಕೆಂಪು ಬಣ್ಣದ್ದು, ಕಡ್ಡಿಯಂಥ ಟೈರು, ಟಗರಿನ ಕೊಂಬಿನ ಹಾಗೆ ಬಾಗಿದ ಹ್ಯಾಂಡಲ್ಲು. "ನಿಮ್ ಕಡೆ ರೋಡ್ಗೆ ದಪ್ಪುಂದೇ ತಗಳಿ ಸಾರ್" ಅಂತ ಅವನು ಬಾಯಿಬಿಟ್ಟು ಹೇಳಿದ. ನಾನು ಕೆಂಪಿನದರ ಮೇಲೆ ಕೂತು ಅಂಗಡಿಯ ಕನ್ನಡಿಯಲ್ಲಿ ನೋಡಿಕೊಂಡೆ. ನಲವತ್ನಾಲ್ಕು ವರ್ಷದ ಗುಮಾಸ್ತನಿಗೆ ಅದೇ ಸಾಕಾಯಿತು, ಅದನ್ನೇ ತಂದೆ.

ಸೈಕಲ್ ಹುಡುಕುತ್ತಿದ್ದೇನೆ ಅಂತ ಹೋದ ತಿಂಗಳು ನಿನಗೆ ಫೋನಿನಲ್ಲಿ ಹೇಳಿದ್ದೆ, ನೆನಪಿದೆಯಾ? ನೀನು ನಗುತ್ತಾ, "ಎಣ್ಮಕ್ಳು ಸೈಜೂ ಇರ್ತದಾ ಅಣ್ಣ ಅಲ್ಲಿ?" ಅಂದೆ. ನಾನು ಉತ್ತರ ಕೊಡುವ ಮೊದಲೇ ಮಾತು ಬದಲಾಯಿಸಿ ಅಪ್ಪನ ಬಿ.ಪಿ. ವಿಚಾರಿಸಿದೆ. ಆ ಮಾತು ನನಗೆ ಅಂದಿನಿಂದ ಚುಚ್ಚುತ್ತಲೇ ಇದೆ.

ಹೋದ ಭಾನುವಾರ ಬೆಳಿಗ್ಗೆ ನಾಲೆ ಏರಿಗೆ ಹೋದೆ. ತೂಬಿನ ಹತ್ತಿರದ ತಿರುವು ನಿನಗೂ ಗೊತ್ತು. ಯಾರೂ ಅಡ್ಡ ಬರಲಿಲ್ಲ, ಏನೂ ಅಡ್ಡ ಬರಲಿಲ್ಲ. ಕಬ್ಬಿನ ಗಾಡಿಗಳು ಕಿತ್ತು ಹಾಕಿದ್ದ ಗುಂಡಿಗೆ ಸಣ್ಣ ಟೈರು ಇಳಿಯಿತು, ನಾನು ಮಕಾಡೆ ಬಿದ್ದೆ, ಮುಂದಿನ ಚಕ್ರ ಬಗ್ಗಿಹೋಯಿತು. ಮನೆಗೆ ಬಂದಾಗ ಹೇಮಶ್ರೀ, "ಇದೇನ್ರೀ ಇದು?" ಅಂದಳು. ಅವಳಿಗೂ ದಪ್ಪ ಟೈರಿನದೇ ಇಷ್ಟವಿತ್ತು ನೋಡು. ನನ್ನ ಬಾಯಿಂದ ತಾನಾಗಿ, "ಬೈರಮ್ಮನ ಎಮ್ಮೆ ಅಡ್ಡ ಬಂತು" ಎಂಬ ಮಾತು ಬಂದುಬಿಟ್ಟಿತು. ಅವಳು ಸುಮ್ಮನಿರುವವಳೇ? ಸೆರಗು ಸಿಕ್ಕಿಸಿಕೊಂಡು ಪಕ್ಕದ ಮನೆಗೆ ಜಗಳಕ್ಕೆ ಹೋದಳು. ಬೈರಮ್ಮ ಶಾಂತವಾಗಿ, "ನಮ್ಮೆಮ್ಮೆ ಈದು ಎಲ್ಡು ದಿನ ಆಯ್ತು, ಕೊಟ್ಗೆ ಬುಟ್ಟು ಆಚ್ಗೆ ಕಾಲಿಟ್ಟಿಲ್ಲ ಕಣವ್ವ. ನಿನ್ ಗಂಡ ಯಾವ ಎಮ್ಮೆ ಕಂಡ್ನೋ" ಅಂದಳಂತೆ. ಅಷ್ಟೇ ಅಲ್ಲ, ಜಗಳಕ್ಕೆ ಹೋದವಳ ಕೈಗೆ ಒಂದು ಚೊಂಬು ಗಿಣ್ಣು ಹಾಲು ಕೊಟ್ಟು ಕಳಿಸಿದ್ದಾಳೆ. ರಾತ್ರಿ ಹೇಮಶ್ರೀ ಅದನ್ನು ಬೆಲ್ಲ, ಏಲಕ್ಕಿ ಹಾಕಿ ಬೇಯಿಸಿ ನನ್ನ ತಟ್ಟೆಗೆ ದೊಡ್ಡ ತುಂಡು ಹಾಕಿ, ತಿನ್ನುವವರೆಗೂ ಎದುರಿಗೇ ಕೂತಿದ್ದಳು. ನಾಚಿಕೆಯಿಂದ ಸತ್ತೆ ಸುನಿ.

ನಾಚಿಕೆ ಎಮ್ಮೆಯದ್ದಷ್ಟೇ ಆಗಿದ್ದರೆ ನಿನಗೆ ಬರೆಯುತ್ತಿರಲಿಲ್ಲ. ಅದೇ ತಿರುವಿನಲ್ಲಿ, ನಾನು ಹತ್ತನೇ ಕ್ಲಾಸಿನಲ್ಲಿದ್ದಾಗ, ಗೆಳೆಯರೆದುರು ಕೈಬಿಟ್ಟು ಓಡಿಸಲು ಹೋಗಿ ಅಪ್ಪನ ಸೈಕಲ್ಲಿನ ಚಕ್ರ ಬಗ್ಗಿಸಿದ್ದೆ. ಮನೆಗೆ ಬಂದು, "ಸುನಿತಾ ಕದ್ದು ಓಡಿಸಿ ಬೀಳಿಸಿದಳು" ಅಂದೆ. ನೀನು ಓಡಿಸುತ್ತಿದ್ದುದು ನಿಜ, "ಒಂದ್ ರೌಂಡ್ ಕೊಡಣ್ಣ" ಅಂತ ಗೋಗರೆದು ಕಣದಲ್ಲಿ ಕಲಿತಿದ್ದೆ, ಅದಕ್ಕೇ ನನ್ನ ಸುಳ್ಳು ನಿಂತುಕೊಂಡಿತು. ಅಪ್ಪ ಹುಣಸೆ ಬರಲು ತೆಗೆದುಕೊಂಡರು. ನೀನು ಒಂದು ಸಲ ನನ್ನ ಮುಖ ನೋಡಿದೆ, ಅಷ್ಟೇ. ನಾನು ಹಾಸ್ಟೆಲ್ಲಿಗೆ ಹೋದ ಮೇಲೆ ಆ ಸೈಕಲ್ ನಿನ್ನದಾಗಿ, ನೀನು ಪಾಂಡವಪುರದ ಕಾಲೇಜಿಗೆ ಹೋಗಬೇಕೆಂದು ಅವ್ವ ಅಪ್ಪನನ್ನು ಒಪ್ಪಿಸಿದ್ದಳು. ಅಂದಿಗೆ ಆ ಮಾತು ಮುಗಿಯಿತು. ಹೊತ್ತಿಗೆ ಸರಿಯಾಗಿ ಬಸ್ಸಿಲ್ಲ, ಸೈಕಲ್ ಮುಟ್ಟುವಂತಿಲ್ಲ, ಓದು ಹತ್ತಕ್ಕೇ ನಿಂತಿತು. ಇವತ್ತಿಗೂ ನೆಂಟರು ಸೇರಿದಾಗ ಅಪ್ಪ, "ನಮ್ ಸುನಿತಾ ಕೈಗೆ ಚಕ್ರ ಕೊಟ್ರೆ ಅಪ್ಪಳ ಮಾಡ್ಬುಡ್ತಾಳೆ" ಅಂತ ನಗಿಸುತ್ತಾರೆ. ನೀನೂ ನಗುತ್ತೀಯ. ನಾನು ಎಲೆ ಮುಂದೆ ತಲೆ ತಗ್ಗಿಸಿ ಪಾಯಸ ಉಣ್ಣುತ್ತೇನೆ.

ಇದು ನಿನಗೆ ಹೊಸ ಸುದ್ದಿಯಲ್ಲ, ಬೀಳಿಸಿದ್ದು ನೀನಲ್ಲವೆಂದು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಗೊತ್ತಿಲ್ಲದಿರುವುದು ಅಪ್ಪನಿಗೆ. ಪ್ರತಿ ವರ್ಷ ಗೌರಿಹಬ್ಬಕ್ಕೆ ತವರಿನ ಬಾಗಿನ ತರುವಾಗ ನಿನಗೆ ರೇಷ್ಮೆಯಂಚಿನ ಸೀರೆಯನ್ನೇ ಹುಡುಕುತ್ತೇನಲ್ಲ, "ಅಣ್ಣ ಅಂದ್ರೆ ಇಂಗಿರ್ಬೇಕು" ಅಂತ ನಿನ್ನ ಓರಗಿತ್ತಿಯರು ಹೊಗಳುತ್ತಾರಲ್ಲ, ಅದು ಪ್ರೀತಿಯೂ ಹೌದು, ಈ ಕಳ್ಳತನ ಮುಚ್ಚುವ ಬಟ್ಟೆಯೂ ಹೌದು. ನೀನು ಮಾತ್ರ ಇವತ್ತಿಗೂ ಶಾಲೆಯ ಅಡುಗೆಮನೆಗೆ ಎರಡು ಮೈಲಿ ನಡೆಯುತ್ತೀಯ. ಹಬ್ಬಕ್ಕೆ ಇನ್ನು ಮೂರು ವಾರವೂ ಇಲ್ಲ. ಅಷ್ಟರೊಳಗೆ ಅಪ್ಪನಿಗೆ ಹೇಳುತ್ತೇನೆ. ಹೇಳದಿದ್ದರೆ ಬಾಗಿನ ಹಿಡಿದು ನಿನ್ನ ಹೊಸ್ತಿಲು ತುಳಿಯುವುದಿಲ್ಲ.

ಧನುಶ್ರೀಗೆ ಮುತ್ತು, ಭಾವನಿಗೆ ನಮಸ್ಕಾರ. ನಿನ್ನನ್ನು ಹರಸುವ ಯೋಗ್ಯತೆ ಇವತ್ತು ನನಗಿಲ್ಲ, ಆದರೂ ಚೆನ್ನಾಗಿರು ತಾಯಿ.

ನಿನ್ನ ಅಣ್ಣ,
ಧರ್ಮೇಂದ್ರ

ಮರೆತ ಮಾತು: ಕವರು ಅಂಟಿಸುವ ಮೊದಲೇ ಧೈರ್ಯ ಬಂತು, ಜಗಲಿಗೆ ಹೋಗಿ ಅಪ್ಪನಿಗೆ ಹೇಳಿಬಿಟ್ಟೆ. ಬಯ್ಯಲಿಲ್ಲ. "ಏಟು ತಿನ್ನುವಾಗ ಆ ಮಗ ನಿನ್ ಕಡೀಕೇ ನೋಡ್ತು ಕಣ್ಲಾ. ತಪ್ಪು ಮಾಡಿ ಅಣ್ಣುನ್ ಆಸ್ರೆ ಕೇಳ್ತಾ ಅದೆ ಅನ್ಕಂಡು ಇನ್ನೆರಡು ಬುಟ್ಟೆ" ಅಂದರು. ಈಗ ಬಿಳಿ ಅಂಗಿ ಹಾಕಿಕೊಂಡು ನಾಗಮಂಗಲದ ಬಸ್ಸು ಎಷ್ಟು ಹೊತ್ತಿಗೆ ಅಂತ ಕೇಳುತ್ತಿದ್ದಾರೆ. ಈ ಕಾಗದ ಅಂಚೆಗೆ ಹಾಕುತ್ತಿಲ್ಲ, ಅವರ ಕೈಲೇ ಕಳಿಸುತ್ತಿದ್ದೇನೆ. ಅಂಗಡಿಯಲ್ಲಿ ಹೇಗೆ ಕಾಲು ಅಳೆದರು ಅಂತ ನನ್ನನ್ನು ಗೋಡೆಗೆ ನಿಲ್ಲಿಸಿ ಕೇಳಿ ತಿಳಿದುಕೊಂಡು, ಹೇಮಶ್ರೀಯ ಹತ್ತಿರ ಒಂದು ಉದ್ದನೆಯ ದಾರ ಇಸಿದುಕೊಂಡು ಜೇಬಿಗಿಟ್ಟಿದ್ದಾರೆ. ಅವರಿಗೆ ಕ್ಷಮೆ ಕೇಳಲು ಬರುವುದಿಲ್ಲ, ನಿನಗೆ ಗೊತ್ತು. ದಾರ ತೆಗೆದರೆ ಬೇಡ ಅನ್ನಬೇಡ, ಗೋಡೆಗೆ ಒರಗಿ ನೆಟ್ಟಗೆ ನಿಂತುಕೋ.