ಬಾಂಝಿ ಚಿಗುರು

ಇಲಾಮ್
ಜೇಠ ತಿಂಗಳ ಹನ್ನೆರಡು

ನನ್ನ ಹಟಮಾರಿ ಮನ್ಸಿರಾ,

ಹೇಳಿ ಕಳುಹಿಸಿದರೆ ಬರುವುದಿಲ್ಲ, ಫೋನ್ ಮಾಡಿದರೆ ತೆಗೆಯುವುದಿಲ್ಲ. ಕಾಗದವನ್ನಾದರೂ ಹರಿಯುವ ಮುನ್ನ ಒಮ್ಮೆ ಓದುವೆ ಎಂಬ ಆಸೆಯಿಂದ ಬರೆಯುತ್ತಿದ್ದೇನೆ. ಕುಶಲ ಕೇಳುವ ತಾಳ್ಮೆ ಇಂದು ನನಗಿಲ್ಲ. ಶನಿವಾರ ಸಹಕಾರಿ ಸಂಘದ ಸಭೆಯಿದೆ. ಅಂದು ನೀನೇ ಎದುರು ನಿಂತು ಮಾತನಾಡದಿದ್ದರೆ ಚಹಾತೋಟದ ಉಸ್ತುವಾರಿ ನಿನ್ನ ಕೈತಪ್ಪುತ್ತದೆ. ತವರಿನಲ್ಲಿ ಕದವಿಕ್ಕಿಕೊಂಡು ಕುಳಿತರೆ ಅದು ಉಳಿಯುವುದಿಲ್ಲ.

ನಡೆದುದನ್ನು ನೇರವಾಗಿಯೇ ಬರೆಯುತ್ತೇನೆ. ಚೈತ್ರದ ಒಣಹವೆಯಲ್ಲಿ ಚಹಾಗಿಡ ತುದಿಮೊಗ್ಗನ್ನು ಮುದುಡಿಕೊಂಡು ಬೆಳವಣಿಗೆ ನಿಲ್ಲಿಸುತ್ತದೆ. ಅಂಥ ಚಿಗುರಿಗೆ ನಮ್ಮವರು ಬಾಂಝಿ, ಬಂಜೆ, ಎನ್ನುತ್ತಾರೆ. ನಾನೂ ನಿಮಗೆಲ್ಲ ಚಹಾ ಬೇಸಾಯದ ಪಾಠ ಹೇಳುವಾಗ ಹಾಗೆಯೇ ಹೇಳಿದೆ. ಆದರೆ ಗಿಡ ಆಗ ವಿಶ್ರಮಿಸುತ್ತಿರುತ್ತದೆ, ಅಷ್ಟೆ. ಬಲಿತ ಗಿಡ ಆ ಬಾಯಾರಿಕೆಯನ್ನು ತಾಳಿಕೊಂಡರೆ ಜೇಠದ ಎಲೆಗೆ ಪರಿಮಳ ಬರುತ್ತದೆ. ನೀನೋ, ಮೇಲಿನ ಹಳೆಯ ಗಿಡಗಳಿಗೆಲ್ಲ ತುಂತುರು ನೀರು ಬಿಟ್ಟೆ. ಹದ ಮೀರಿ ಯೂರಿಯಾ ಎರಚಿದೆ. ಗಿಡಗಳು ಎದ್ದವು, ಎಲೆಗಳು ಅಗಲವಾದವು, ಬುಟ್ಟಿಗಳು ತುಂಬಿ ಚೆಲ್ಲಿದವು. ಎಲೆ ಮೊದಲು ಹದವಾಗಿ ಬಾಡಿದರೆ ತಾನೇ ಚಹಾ ಆಗುವುದು, ಕಾರ್ಖಾನೆಯಲ್ಲಿ ಆ ನೀರೆಲೆ ಬಾಡಲೊಲ್ಲದೆ ಹೋಯಿತು. ಅದರೊಡನೆ ಬೆರೆತ ನೆರೆಯವರ ಒಳ್ಳೆಯ ಎಲೆಯೂ ಕೆಟ್ಟಿತು. ಬಟ್ಟಲಿಗೆ ಬಗ್ಗಿಸಿದರೆ ಬಣ್ಣವೂ ಇಲ್ಲ, ಕಂಪೂ ಇಲ್ಲ, ಹಸಿಹುಲ್ಲಿನ ವಾಸನೆ.

ಊರೆಲ್ಲ ಅಣ್ಣನೆಂದು ದಾಜು ಎನ್ನುವ ಸಂಘದ ಅಧ್ಯಕ್ಷ ಖಗೇಂದ್ರ ಎಲ್ಲರೆದುರೇ ಕೇಳಿದ: "ಗುರುಮಾ, ನಿಮ್ಮ ಶಿಷ್ಯೆ ತಂದಿದ್ದು ಚಹಾನೋ, ಸಾಸಿವೆ ಸೊಪ್ಪೋ? ಒಗ್ಗರಣೆ ಹಾಕೋಣ್ವಾ?" ಜನ ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಆ ಉರಿಯಲ್ಲೇ ನಿನ್ನ ಮೇಲೆ ಹರಿಹಾಯ್ದೆ. ನೀನು ಅಂದದ್ದು ಕಿವಿಯಲ್ಲಿ ಇನ್ನೂ ಕೊರೆಯುತ್ತಿದೆ: "ಎಲ್ರೂ ಬಾಂಝಿ ಬಾಂಝಿ ಅಂತೀರಲ್ಲ ಗುರುಮಾ, ಒಂದು ಹನಿ ನೀರು ಕೊಡದೇ ಹಾಗನ್ನೋದು ಯಾವ ನ್ಯಾಯ?" ನಾನು, "ಗಿಡದ ವಿಷಯ ಮಾತಾಡು" ಎಂದು ಗದರಿದೆ. ನೀನು ಬುಟ್ಟಿಯನ್ನು ಅಲ್ಲೇ ಇಟ್ಟು ಹೊರಟೆ.

ನೀನು ಗಿಡದ ವಿಷಯವನ್ನಷ್ಟೇ ಮಾತಾಡಿರಲಿಲ್ಲ ಎಂಬುದು ಹೊಳೆದದ್ದು ಕಾರ್ಖಾನೆಯ ಗೇಟಿನ ಬಳಿ. ನಿನ್ನ ಅತ್ತೆ ಯಾರಿಗೋ ಹೇಳುತ್ತಿದ್ದರು: "ಬಾಂಝಿಗೆ ಬಾಂಝಿಯೇ ಆರೈಕೆ ಮಾಡಿದ್ರೆ ಇನ್ನೇನಾಗುತ್ತೆ!" ಮದುವೆಯಾದಂದಿನಿಂದ ನೀನು ಇದನ್ನು ಕೇಳಿಕೊಂಡೇ ಬಂದಿದ್ದೀ ಎಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು, ನಾನಿ, ನನ್ನ ಮಗುವೇ. ಪಾಠ ಹೇಳುವಾಗ ಮಾತ್ರ ನೆನಪಾಗಲಿಲ್ಲ.

ಆದರೂ ನಿನ್ನ ಮೇಲಿನ ಸಿಟ್ಟು ಇಳಿದಿಲ್ಲ. ನೀನು ನೊಂದವಳು ಎಂಬ ಕಾರಣಕ್ಕೆ ಯೂರಿಯಾ ತನ್ನ ಗುಣ ಬಿಡುವುದಿಲ್ಲ. ಮಳೆ ಬಿದ್ದು ಮಣ್ಣು ನೆನೆದ ಮೇಲೆ, ಸ್ವಲ್ಪ ಸ್ವಲ್ಪವಾಗಿ, ಪೊಟ್ಯಾಶಿನ ಜೊತೆಗೆ ಕೊಡಬೇಕೆಂದು ಎಷ್ಟು ಸಲ ಹೇಳಿದ್ದೆ! ತೂಕಕ್ಕೆ ಆಸೆಪಟ್ಟರೆ ರುಚಿ ಹೋಗುತ್ತದೆ ಎಂಬುದನ್ನು ನೀನು ಸಭೆಯಲ್ಲಿ ಒಪ್ಪಿಕೊಳ್ಳಲೇಬೇಕು.

ಒಪ್ಪಿಕೊಂಡ ಮೇಲೆ ತಲೆಯೆತ್ತಿ ಇನ್ನೊಂದು ಮಾತನ್ನೂ ಹೇಳು. ಕೆಳಗಿನ ಇಳಿಜಾರಿನಲ್ಲಿ ಹೋದ ವರ್ಷ ನೆಟ್ಟ ಸಸಿಗಳ ಬೇರು ಇನ್ನೂ ಆಳಕ್ಕೆ ಇಳಿದಿಲ್ಲ. ನೆರೆಯ ತೋಟದ ಎಳೆಯ ಸಸಿಗಳು ಸುಟ್ಟು ಕಡ್ಡಿಯಾದವು. ನಮ್ಮವು ಹಸಿರಾಗಿರುವುದು ನೀನು ಬಿಟ್ಟ ನೀರಿನಿಂದ. ಈಗ ದಾಜುವಿನ ಗುಂಪು ಪೈಪುಗಳನ್ನೇ ಕೀಳಿಸಲು ಹೊರಟಿದೆ. "ನೀರೇ ಶನಿ ಗುರುಮಾ, ಕಿತ್ತು ಬಿಸಾಕೋಣ" ಅನ್ನುತ್ತಾನೆ. ನಾನು ವಾದಿಸಿ ಸೋತೆ. ನೀರು ಯಾರಿಗೆ ಬೇಕು, ಯಾರಿಗೆ ಬೇಡ ಎಂಬುದನ್ನು ತಪ್ಪು ಮಾಡಿ ಕಲಿತವಳು ನೀನು. ನೀನು ಹೇಳಿದರೆ ಕೇಳಿಯಾರು.

ಬರದಿದ್ದರೆ ನಾನೇ ಬಂದು ಕೈಹಿಡಿದು ಎಳೆದು ತರುತ್ತೇನೆ. ನನ್ನ ಮಂಡಿನೋವಿನ ಪಾಪ ನಿನಗೇ ತಟ್ಟುತ್ತದೆ.

ಸಿಟ್ಟೂ ಪ್ರೀತಿಯೂ ಒಂದೇ ಅಳತೆಯಲ್ಲಿರುವ
ನಿನ್ನ ಗುರುಮಾ,
ತುಲಸಾ

ತಾ. ಕ.: ಈ ಕಾಗದ ಬರೆಯಲು ಕುಳಿತದ್ದು ನಾನಾಗಿಯೇ ಅಲ್ಲ. ಬೆಳಿಗ್ಗೆ ನಿನ್ನ ಅತ್ತೆ ಬಂದಿದ್ದರು. ಜಗಲಿಯ ಮೇಲೂ ಕೂರಲಿಲ್ಲ. "ಕೆಳಗಿನ ಸಸಿಗೆ ಯಾವ ನಲ್ಲಿ ತಿರುಗಿಸ್ಬೇಕೋ ಯಾರಿಗೂ ಗೊತ್ತಾಗ್ತಿಲ್ಲ. ಅವಳಿಗೆ ಬರೋಕೆ ಹೇಳಿ. ನಾನು ಹೇಳಿದೆ ಅಂತ ಮಾತ್ರ ಬರೀಬೇಡಿ" ಎಂದರು. ಹೋಗುವಾಗ, ಬೆನ್ನು ತಿರುಗಿಸಿದ ಮೇಲೆ, "ಮನ್ಸಿರಾ ಬರ್ಲಿ" ಎಂದರು. ಅವರ ಬಾಯಲ್ಲಿ ಬಾಂಝಿ ಎಂಬುದರ ಬದಲು ನಿನ್ನ ಹೆಸರು ಕೇಳಿದ್ದು ನಾನು ಅದೇ ಮೊದಲು.