ಕುದುರೆಮುಖದ ಎತ್ತರದ ಗಾಳಿ

ಕಾರ್ಕಳ
೨೨ ಅಕ್ಟೋಬರ್ ೧೯೭೮, ಭಾನುವಾರ

ಪ್ರೀತಿಯ ಮಗಳು ಇಮೆಲ್ಡಾಳಿಗೆ,

ಯೇಸುವಿನ ಕೃಪೆ ನಿನಗೂ ಅಳಿಯ ಬ್ಯಾಪ್ಟಿಸ್ಟನಿಗೂ ಪುಟ್ಟ ಆಲಿಸಳಿಗೂ ಇರಲಿ. ಮಾತಿಗೆ ಕೊಂಕಣಿ, ಕಾಗದಕ್ಕೆ ಕನ್ನಡ ಎಂಬ ನಮ್ಮ ಮನೆಯ ಕ್ರಮವನ್ನು ಇವತ್ತೂ ತಪ್ಪಿಸಲಿಲ್ಲ. ಬಹರೈನಿನಿಂದ ಬಂದ ನಿನ್ನ ಕಾಗದವನ್ನು ಮತ್ತೆ ಮತ್ತೆ ಓದಿದೆ. ನೀನು ಕೇಳಿದ್ದು ಒಂದೇ ಪ್ರಶ್ನೆ. ಜನವರಿಗೆ ನಿನ್ನ ಹೆರಿಗೆ ರಜೆ ಮುಗಿದು ಆಸ್ಪತ್ರೆಯ ಕೆಲಸಕ್ಕೆ ಮರಳುವಾಗ ಮಗುವನ್ನು ನೋಡಿಕೊಳ್ಳಲು ನಾನು ಪುನಃ ಬರುತ್ತೇನೋ ಇಲ್ಲವೋ ಎಂದು. ನಾನು ಬಾರದಿದ್ದರೆ ಊರಿಗೆ ಹೊರಟ ಯಾರಾದರೂ ಹೆಂಗಸಿನ ಕೈಯಲ್ಲಿ ಮಗುವನ್ನು ಇಲ್ಲಿಗೆ ಕಳುಹಿಸೋಣ ಎಂದು ಬ್ಯಾಪ್ಟಿಸ್ಟ್ ಹೇಳುತ್ತಾನೆ, ಅದನ್ನು ಯೋಚಿಸಿದರೆ ನಿನಗೆ ನಿದ್ರೆ ಬರುವುದಿಲ್ಲ. ಉತ್ತರ ಕೊಡುತ್ತೇನೆ, ಸ್ವಲ್ಪ ತಾಳು. ಇಷ್ಟು ವರ್ಷ ಶಾಲೆಯಲ್ಲಿ ಪಾಠ ಹೇಳಿದವಳು ನಾನು, ಪೀಠಿಕೆ ಇಲ್ಲದೆ ವಿಷಯಕ್ಕೆ ಬರಲು ನನಗೆ ಗೊತ್ತಿಲ್ಲ.

ಮೊದಲು ಆ ದೇವದಾಸನ ವಿಷಯ. ನಾನು ಅಲ್ಲಿಂದ ಊರಿಗೆ ಬರುವಾಗ ವಿಮಾನದಲ್ಲಿ ನನ್ನ ಪಕ್ಕ ಕುಳಿತಿದ್ದ ಪಡುಬಿದ್ರಿಯವನು. ರಜೆ ಮುಗಿಸಿ ಅಲ್ಲಿಗೆ ಮರಳಿದವನೇ ನಿಮ್ಮ ಮನೆಗೆ ಬಂದು, ನಿಮ್ಮ ತಾಯಿ ಅರ್ಧ ದಾರಿಯಲ್ಲಿ ಹೋಗಿಯೇಬಿಡುತ್ತಿದ್ದರು ಎಂದನಂತೆ. ಅದೆಂತಹ ಬಾಯಿ ಅವನದು! ಹೋಗುವಷ್ಟು ಏನೂ ಆಗಿರಲಿಲ್ಲ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ನಿಮ್ಮ ನೆರೆಮನೆಯ ಜೋಕಿಮ್ ಕಾಪುವಿನಲ್ಲಿರುವ ತಂದೆಗೆಂದು ಕೊಟ್ಟ ಆ ದಪ್ಪ ಕಂಬಳಿಯ ಕಟ್ಟು ನೆನಪುಂಟಲ್ಲ? ಊರಿಗೆ ಹೊರಟವರು ಇನ್ನೊಬ್ಬರ ಕಟ್ಟನ್ನು ಬೇಡ ಎನ್ನುವ ಕ್ರಮ ನಮ್ಮಲ್ಲಿ ಇಲ್ಲ. ತಲೆಯ ಮೇಲಿನ ಗೂಡಿನಲ್ಲಿ ಅದು ಹಿಡಿಯಲಿಲ್ಲ. ನನ್ನದು ಕಿಟಕಿ ಬದಿಯ ಸೀಟು, ಕಾಲ ಬುಡದಲ್ಲಿ ಗೋಡೆಗೆ ತಾಗಿಸಿ ತುರುಕಿದೆ. ಹಿಂದೆ ಮುಂದೆ ಕುಳಿತವರು ಎಲ್ಲ ನಮ್ಮ ಕಡೆಯವರೇ, ಎಲ್ಲರ ಕಾಲ ಬುಡದಲ್ಲೂ ಒಂದೊಂದು ಕಟ್ಟು. ವಿಮಾನ ಏರಿದ ಮೇಲೆ ತಲೆಯ ಮೇಲಿನ ತೂತಿನಿಂದ ತಣ್ಣನೆಯ ಗಾಳಿ ಸುರಿಯತೊಡಗಿತು. ನೆತ್ತಿಗೆ ಗಾಳಿ ಬಿದ್ದರೆ ಶೀತ ಹಿಡಿಯದೆ ಇರುತ್ತದೆಯೇ? ಕಿವಿಗೆ ಇಡಲು ತಂದಿದ್ದ ಹತ್ತಿಯನ್ನು ಆ ತೂತಿಗೇ ಗಿಡಿದೆ. ದೇವದಾಸ ನಕ್ಕ. ಆಮೇಲೆ ತನ್ನ ತೂತಿಗೂ ಸ್ವಲ್ಪ ಹತ್ತಿ ಕೇಳಿ ತೆಗೆದುಕೊಂಡ. ಅದನ್ನು ಅವನು ನಿಮಗೆ ಹೇಳಿರಲಿಕ್ಕಿಲ್ಲ.

ನಮ್ಮ ಹಿಂದಿನ ಸಾಲಿನಿಂದಲೇ ಸಿಗರೇಟು ಸೇದುವವರ ಜಾಗ ಸುರು. ಇಲ್ಲಿಂದ ಮುಂದೆ ಸೇದಬಾರದು ಎಂದು ಒಂದು ಬೋರ್ಡು ಉಂಟು. ಬೋರ್ಡು ಓದಲು ಹೊಗೆಗೆ ಬರುತ್ತದೆಯೇ? ಊಟ ಮುಗಿದದ್ದೇ ತಡ, ಎಲ್ಲರೂ ಹಚ್ಚಿದರು. ನಾನು ಎದ್ದು ತಿರುಗಿ ನೋಡಿದ್ದಕ್ಕೆ ದೊಡ್ಡ ಮೀಸೆಯ ಒಬ್ಬ ಗಂಡಸು ಸಿಗರೇಟನ್ನು ಬೆನ್ನ ಹಿಂದೆ ಅಡಗಿಸಿದ. ನಗು ಬಂತು. ನಗುತ್ತಿದ್ದ ಹಾಗೆಯೇ ಉಸಿರು ಸಿಕ್ಕಿಕೊಂಡಿತು. ಎಳೆದಷ್ಟೂ ಒಳಗೆ ಹೋಗಲಿಲ್ಲ. ಉಗುರು ನೀಲಿಯಾದದ್ದನ್ನು ನಾನೇ ನೋಡಿದೆ. ಹೆದರಿದೆ ಮಗಾ, ಸುಳ್ಳು ಹೇಳುವುದಿಲ್ಲ.

ಗಗನಸಖಿ ಓಡಿ ಬಂದು ಮೂಗಿಗೆ ರಬ್ಬರಿನ ಬಟ್ಟಲು ಇಟ್ಟು ಸಿಲಿಂಡರಿನ ಗಾಳಿ ಕೊಟ್ಟಳು. ಹತ್ತಿಯನ್ನು ಕಿತ್ತಳು, ಕಟ್ಟನ್ನು ಎಳೆದು ತೆಗೆಸಿದಳು. ನಾನು ಸರಿಯಾದ ಮೇಲೆ ಮೆತ್ತಗೆ ಬೈದಳು. ಗಾಳಿ ಮೇಲಿನಿಂದ ಇಳಿದು ಗೋಡೆಯ ಬುಡದ ಜಾಲರಿಯಿಂದ ಹೋಗಬೇಕಂತೆ, ಹೊಸ ಗಾಳಿ ಹೊರಗಿನಿಂದ ಬರುತ್ತಲೇ ಇರುತ್ತದಂತೆ. ಗಲ್ಫಿನಿಂದ ಮರಳುವ ನೀವು ಮೇಲೆ ಹತ್ತಿಯನ್ನೂ ಕೆಳಗೆ ಕಂಬಳಿಯನ್ನೂ ಇಟ್ಟರೆ ಗಾಳಿ ತಾನೇ ಎಂತ ಮಾಡಬೇಕು ಎಂದು ಕೇಳಿದಳು. ಅಡಿಗೆಮನೆಯ ಹೊಗೆಗಿಂಡಿಗೆ ಗೋಣಿ ತುರುಕಿ ಒಲೆ ಉರಿಸಿದ ಹಾಗಾಯಿತಲ್ಲ ಎಂದು ನನಗೇ ನಾಚಿಕೆಯಾಯಿತು.

ಎಲ್ಲ ಆ ಕಂಬಳಿಯಿಂದ ಮತ್ತು ಹೊಗೆಯಿಂದ ಆದದ್ದು, ಮುಂದಿನ ಸಲ ಮುಂದಿನ ಸಾಲಿನ ಸೀಟು ಕೇಳಿದರೆ ಸರಿ ಎಂದುಕೊಂಡಿದ್ದೆ. ಹಾಗೆಯೇ ನಿನಗೆ ಬರೆಯಬಹುದಿತ್ತು. ಆದರೆ ಅಲ್ಲಿಗೆ ಹೋಗುವಾಗಲೂ ಎದೆ ಬಿಗಿದಿತ್ತು, ಆಗ ಹತ್ತಿಯೂ ಇರಲಿಲ್ಲ, ಕಂಬಳಿಯೂ ಇರಲಿಲ್ಲ. ಮಣಿಪಾಲಕ್ಕೆ ಹೋದೆ. ಡಾಕ್ಟರರು ಎದೆಯ ಚಿತ್ರ ತೆಗೆಸಿ, ಊದಿಸಿ, ಎಲ್ಲ ನೋಡಿದರು. ಹಳೆಯ ದಮ್ಮು ಶ್ವಾಸಕೋಶವನ್ನು ತಿಂದುಬಿಟ್ಟಿದೆ ಎಂದರು. ವಿಮಾನದೊಳಗೆ ಗಾಳಿಯನ್ನು ಒತ್ತಿ ತುಂಬಿಸಿದರೂ ಅದು ನೆಲದ ಗಾಳಿಯಷ್ಟು ಆಗುವುದಿಲ್ಲವಂತೆ. ಕುದುರೆಮುಖದ ತುದಿಯಲ್ಲಿ ಕುಳಿತು ಉಸಿರಾಡಿದಷ್ಟೇ, ಟೀಚರೇ, ಬೇರೆಯವರಿಗೆ ಅದು ಸಾಕು, ನಿಮಗೆ ಸಾಲದು ಎಂದರು. ಇನ್ನು ವಿಮಾನ ಬೇಡ ಎಂದು ಖಂಡಿತ ಮಾಡಿ ಹೇಳಿದರು. ನಮ್ಮ ಹಿತ್ತಲಿನಿಂದ ಆ ಬೆಟ್ಟ ಕಾಣುತ್ತದೆ. ಅವತ್ತಿನಿಂದ ಅದರ ಮೇಲೆ ನನಗೆ ಸಿಟ್ಟು.

ಮಣಿಪಾಲದಿಂದ ಮರಳುವಾಗ ಬಸ್ಸಿನಲ್ಲಿ ಅತ್ತುಬಿಟ್ಟೆ. ಯಾರೂ ನೋಡಲಿಲ್ಲ.

ಬ್ಯಾಪ್ಟಿಸ್ಟ್ ಹೇಳುವುದರಲ್ಲಿ ತಪ್ಪಿಲ್ಲ, ಎಷ್ಟೋ ಮನೆಗಳಲ್ಲಿ ಹಾಗೆಯೇ ನಡೆಯುತ್ತಿದೆ. ಆದರೆ ಅಂತಹ ಮಕ್ಕಳು ನನ್ನ ತರಗತಿಯಲ್ಲಿ ಇದ್ದವು. ಒಂದು ಹುಡುಗಿಯ ತಾಯಿ ಕುವೈತಿನಿಂದ ಬಂದವಳು ಮಗಳನ್ನು ನೋಡಲು ನೇರ ಶಾಲೆಗೇ ಬಂದಿದ್ದಳು. ಆ ಮಗು ನನ್ನ ಸೆರಗಿನ ಹಿಂದೆ ಅಡಗಿ, ಅದು ಯಾರು ಟೀಚರ್ ಎಂದು ಕೇಳಿತು. ಆ ತಾಯಿಯ ಮುಖ ನಾನು ಮರೆಯಲಿಲ್ಲ. ನಿನಗೆ ಆ ಮುಖ ಬರಬಾರದು.

ಕಳೆದ ವಾರ ಆ ಕಂಬಳಿಯನ್ನು ಮುಟ್ಟಿಸಲು ಕಾಪುವಿಗೆ ಹೋಗಿದ್ದೆ. ಜೋಕಿಮನ ತಂದೆ ರೊಸಾರಿಯೊ ಅವರು ಹಿಂದೆ ಹಡಗಿನ ಅಡಿಗೆಮನೆಯಲ್ಲಿ ಕೆಲಸಕ್ಕಿದ್ದವರಂತೆ. ನನ್ನ ಕಥೆ ಕೇಳಿ, ವಿಮಾನ ಆಗದಿದ್ದರೆ ಎಂತ ಆಯಿತು, ಬೊಂಬಾಯಿಯಿಂದ ಗಲ್ಫಿಗೆ ಹೋಗುವ ಹಡಗು ಇನ್ನೂ ಉಂಟಲ್ಲ ಎಂದರು. ಅಲ್ಲಿಂದ ನೇರ ಮಣಿಪಾಲಕ್ಕೆ ಹೋಗಿ ಡಾಕ್ಟರರನ್ನು ಕೇಳಿದೆ. ಸಮುದ್ರದ ಮೇಲಿನ ಗಾಳಿಗೆ ಎಂತ ತೊಂದರೆ, ಮದ್ದು ತಪ್ಪಿಸದಿದ್ದರೆ ಹೋಗಬಹುದು ಎಂದರು. ಸಮುದ್ರದ ಹೆಸರು ಹೇಳಿದರೆ ನನಗೆ ವಾಂತಿ ಬರುತ್ತದೆಂದು ನಿನಗೆ ಗೊತ್ತು. ಬರಲಿ, ವಾಂತಿಯಿಂದ ಉಗುರು ನೀಲಿಯಾಗುವುದಿಲ್ಲ.

ಹಾಗಾಗಿ ನಿನ್ನ ಪ್ರಶ್ನೆಗೆ ಉತ್ತರ: ಜನವರಿಗೆ ಮೊದಲು ನಾನು ಅಲ್ಲಿರುತ್ತೇನೆ. ಬ್ಯಾಪ್ಟಿಸ್ಟ್ ಈ ಸಲ ವರ್ಷದ ವೀಸಾಕ್ಕೆ ಅರ್ಜಿ ಹಾಕಲಿ, ಮೂರು ತಿಂಗಳಿಗೊಮ್ಮೆ ಹಡಗು ಹತ್ತಿ ಇಳಿಯುವ ಪ್ರಾಯ ನನ್ನದಲ್ಲ. ಮಗುವನ್ನು ಯಾರ ಕೈಯಲ್ಲೂ ಕೊಡಬೇಡ. ನೀನು ನಿದ್ರೆ ಮಾಡು.

ಎಲ್ಲರಿಗೂ ನನ್ನ ಪ್ರೀತಿ. ಆಲಿಸಳ ಎರಡೂ ಕೆನ್ನೆಗೆ ನನ್ನ ಮುತ್ತು ಕೊಡು.

ನಿನ್ನ ಮಾಂಯ್,
ಬೆನೆಡಿಕ್ಟಾ

ಬರೆಯಲು ಮರೆತದ್ದು: ಪಕ್ಕದ ಮನೆಯ ಎಸ್ತರಳ ಸೊಸೆ ಹೆತ್ತಿದ್ದಾಳೆ, ಗಂಡು ಮಗು. ನೀನು ಮಲಗಿದ್ದ ತೊಟ್ಟಿಲನ್ನು ಅವಳಿಗೆ ಕೊಟ್ಟೆ. ಅದು ಅಟ್ಟದಿಂದ ಕೆಳಗೆ ಹೇಗೆ ಬಂತು ಎಂದು ನೀನು ಕೇಳುವೆ. ನಿನ್ನ ಕಾಗದ ಬಂದ ದಿನವೇ ನಾನು ಅದನ್ನು ಇಳಿಸಿ, ತೊಳೆದು, ಹೊಸ ಹಗ್ಗ ಕಟ್ಟಿಸಿ ನನ್ನ ಮಂಚದ ಪಕ್ಕ ಇಟ್ಟಿದ್ದೆ. ಮಗುವನ್ನು ಕಳುಹಿಸು ಎಂದು ಬರೆದರೆ ಸಾಕಿತ್ತು. ತೊಟ್ಟಿಲು ಕಣ್ಣೆದುರಿಗೆ ಇದ್ದಷ್ಟು ದಿನ ಈ ಕಾಗದ ಬರೆಯಲು ನನ್ನಿಂದ ಆಗಲಿಲ್ಲ. ಇವತ್ತು ಬೆಳಿಗ್ಗೆ ಚರ್ಚಿನ ಪೂಜೆಯಿಂದ ಬಂದು ಮೊದಲು ಅದನ್ನು ಕೊಟ್ಟು ಬಂದೆ, ಆಮೇಲೆ ಬರೆಯಲು ಕುಳಿತೆ.